ಲೆವಿಯ ತುದಿಯೇ 531 ಮೀಟರ್: ಇಷ್ಟು ತಗ್ಗಿನಲ್ಲಿ ಸ್ಕೀ ರಜೆ ನಂಬಬಹುದೇ, ಹೋಗುವುದಾದರೆ ಯಾವ ವಾರ?

ನಕ್ಷೆಗಾರ

ಎಲ್ಲರಿಗೂ ನಮಸ್ಕಾರ. ಫಿನ್ಲೆಂಡಿನ ಲ್ಯಾಪ್‌ಲ್ಯಾಂಡ್‌ನಲ್ಲಿ ಏಳು ರಾತ್ರಿಯ ಸ್ಕೀ ರಜೆಗೆ ಯೋಜನೆ ಹಾಕುತ್ತಿದ್ದೇವೆ. ನಾವು ಐದು ಜನ: ನಾನು, ನನ್ನ ಹೆಂಡತಿ, 12 ಮತ್ತು 8 ವರ್ಷದ ಮಕ್ಕಳು, ಜೊತೆಗೆ 64 ವರ್ಷದ ಅಮ್ಮ. ನಾವಿಬ್ಬರೂ ನೀಲಿ (ಸುಲಭದ) ಇಳಿಜಾರುಗಳಲ್ಲಿ ಅಂಜಿಕೆಯಿಲ್ಲದೆ, ಕೆಂಪಿನಲ್ಲಿ (ಮಧ್ಯಮ ಕಷ್ಟದ್ದು) ನಿಧಾನವಾಗಿ ಇಳಿಯುತ್ತೇವೆ. ಮಕ್ಕಳಿಗೆ ಇದೇ ಮೊದಲು. ಅಮ್ಮ ಸ್ಕೀ ಮಾಡುವುದಿಲ್ಲ.

ಗೊಂದಲ ಇರುವುದು ಎತ್ತರದ ವಿಷಯದಲ್ಲಿ. ಆಲ್ಪ್ಸ್ ಬಗ್ಗೆ ಏನು ಓದಿದರೂ ಎತ್ತರದ ಊರನ್ನೇ ಹಿಡಿಯಿರಿ, ತಗ್ಗಿನಲ್ಲಿ ಹಿಮ ನಂಬಬೇಡಿ ಎನ್ನುತ್ತಾರೆ. ನಾವು ನೋಡುತ್ತಿರುವ ಸ್ಕೀ ಬೆಟ್ಟ ಲೆವಿಯ ನೆತ್ತಿಯೇ 531 ಮೀಟರ್. ಇನ್ನೊಂದು ಸ್ಕೀ ಬೆಟ್ಟ ರುಕಾ 500 ಕೂಡ ಮುಟ್ಟುವುದಿಲ್ಲ. ಹಾಗಿದ್ದೂ ಇಲ್ಲಿ ಅಕ್ಟೋಬರ್‌ನಲ್ಲೇ ಸ್ಕೀ ಮಾಡುವವರನ್ನು ಬೆಟ್ಟದ ಮೇಲಕ್ಕೊಯ್ಯುವ ಲಿಫ್ಟ್ ತೆರೆಯುತ್ತಾರಂತೆ. ಇದು ಹೇಗೆ?

ಡಿಸೆಂಬರ್ ಕೊನೆ ಅಥವಾ ಮಾರ್ಚ್, ಎರಡೂ ನಮಗೆ ಸಾಧ್ಯ. ಯಾವುದು ಒಳ್ಳೆಯದು? ಲೆವಿ, ಯುಲ್ಲಾಸ್, ರುಕಾ ಈ ಮೂರರಲ್ಲಿ ನಮ್ಮಂಥ ಗುಂಪಿಗೆ ಯಾವುದು ಹೊಂದುತ್ತದೆ? ಮೈನಸ್ 25 ಬಂದರೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಬಹುದೇ? ಕಾರು ಬೇಕೇ ಬೇಕೆ?

ಹಿಮದಾರಿ

ಎತ್ತರದ ಲೆಕ್ಕವನ್ನು ಆಲ್ಪ್ಸ್‌ನಲ್ಲೇ ಬಿಟ್ಟುಬಿಡಿ. ಇಲ್ಲಿ ನೋಡಬೇಕಾದದ್ದು ಅಕ್ಷಾಂಶ.

ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಆಲ್ಪ್ಸ್‌ನ ಚಳಿಗಾಲದಲ್ಲಿ ಶೂನ್ಯ ಡಿಗ್ರಿಯ ಗೆರೆ ಸಾವಿರ, ಒಂದೂವರೆ ಸಾವಿರ, ಕೆಲವೊಮ್ಮೆ ಎರಡು ಸಾವಿರ ಮೀಟರ್‌ವರೆಗೆ ಹತ್ತಿ ಇಳಿಯುತ್ತಲೇ ಇರುತ್ತದೆ. ಗೆರೆಯ ಕೆಳಗಿನ ಊರಲ್ಲಿ ಮಳೆ, ಮೇಲಿನ ಊರಲ್ಲಿ ಹಿಮ. ಅದಕ್ಕೇ ಅಲ್ಲಿ ಎತ್ತರಕ್ಕೆ ಅಷ್ಟು ಬೆಲೆ. ಲೆವಿ ಇರುವುದು 67.8 ಡಿಗ್ರಿ ಉತ್ತರದಲ್ಲಿ, ಆರ್ಕ್ಟಿಕ್ ವೃತ್ತದಿಂದಲೂ ಸುಮಾರು 140 ಕಿಲೋಮೀಟರ್ ಆಚೆ. ಚಳಿಗಾಲದ ಬಹುಪಾಲು ದಿನ ಅಲ್ಲಿ ಆ ಗೆರೆ ನೆಲಕ್ಕಿಂತ ಕೆಳಗೇ ಇರುತ್ತದೆ. ಬೆಟ್ಟದ ಬುಡವೂ ತುದಿಯೂ ಎರಡೂ ಶೂನ್ಯಕ್ಕಿಂತ ತಣ್ಣಗಿದ್ದ ಮೇಲೆ ಎತ್ತರ ಏನೂ ತೀರ್ಮಾನ ಮಾಡುವುದಿಲ್ಲ.

ಒಂದು ವಿಷಯ ತಿಳಿದಿರಲಿ: ಲ್ಯಾಪ್‌ಲ್ಯಾಂಡ್‌ನಲ್ಲಿ ಸುರಿಯುವ ಹಿಮ ಆಲ್ಪ್ಸ್‌ನ ಎತ್ತರದ ಊರುಗಳಷ್ಟು ಹೆಚ್ಚೇನಲ್ಲ. ಆದರೆ ಬಿದ್ದದ್ದು ಕರಗುವುದಿಲ್ಲ. ನವೆಂಬರ್‌ನಿಂದ ಪದರ ಪದರವಾಗಿ ಕೂಡುತ್ತಾ ಹೋಗಿ ಮಾರ್ಚ್ ಕೊನೆಯ ಹೊತ್ತಿಗೆ ಕಾಡಿನಲ್ಲಿ ಅತಿ ಹೆಚ್ಚು ದಪ್ಪ ಮುಟ್ಟುತ್ತದೆ, ಸಾಮಾನ್ಯವಾಗಿ 70 ಸೆಂಟಿಮೀಟರ್‌ನಿಂದ ಒಂದು ಮೀಟರ್. ಇದರ ಮೇಲೆ ಯಂತ್ರದ ಹಿಮವೂ ಇದೆ. ಗಾಳಿಯ ತೇವವನ್ನೂ ಲೆಕ್ಕಕ್ಕೆ ಹಿಡಿದ ಉಷ್ಣಾಂಶ ಮೈನಸ್ 2–3ಕ್ಕೆ ಇಳಿದರೆ ಹಿಮಯಂತ್ರ ಕೆಲಸ ಮಾಡುತ್ತದೆ. ಅಂಥ ಗಂಟೆಗಳು ಉತ್ತರದಲ್ಲಿ ಬೇಕಾದಷ್ಟು.

ಅಕ್ಟೋಬರ್‌ನಲ್ಲಿ ತೆರೆಯುವುದು ಹೊಸ ಹಿಮದಿಂದಲ್ಲ. ಲೆವಿ ಮತ್ತು ರುಕಾದಲ್ಲಿ ಹಿಂದಿನ ಚಳಿಗಾಲದ ಹಿಮವನ್ನು ದೊಡ್ಡ ರಾಶಿ ಹಾಕಿ, ಶಾಖ ತಡೆಯುವ ಹೊದಿಕೆ ಹೊದಿಸಿ, ಬೇಸಿಗೆಯಿಡೀ ಕಾಪಾಡುತ್ತಾರೆ. ಶರತ್ಕಾಲದಲ್ಲಿ ಅದನ್ನೇ ಒಂದೆರಡು ಇಳಿಜಾರುಗಳ ಮೇಲೆ ಹರಡುತ್ತಾರೆ. ನವೆಂಬರ್‌ನಲ್ಲಿ ಲೆವಿಯಲ್ಲಿ ನಡೆಯುವ ಕಂಬಗಳ ನಡುವೆ ಸುತ್ತಿಕೊಂಡು ಇಳಿಯುವ ಸ್ಪರ್ಧೆಯಾದ ವಿಶ್ವಕಪ್ ಸ್ಲಾಲಮ್‌ಗೆ ಈ ಸಿದ್ಧತೆ ಬೇಕೇಬೇಕು. ಆದರೆ ಅಕ್ಟೋಬರ್, ನವೆಂಬರ್ ಇರುವುದು ತರಬೇತಿ ತಂಡಗಳಿಗೆ. ತೆರೆದಿರುವ ಇಳಿಜಾರು ಕೆಲವೇ, ಅಲ್ಲಿ ಓಡುವವರೆಲ್ಲ ವೇಗದವರು. ಮೊದಲ ಸಲ ಕಲಿಯುವ ಮಕ್ಕಳನ್ನು ಆಗ ಕರೆದುಕೊಂಡು ಹೋಗಬೇಡಿ.

ತಗ್ಗಿನಲ್ಲಿ ನಿಜಕ್ಕೂ ಕಳೆದುಕೊಳ್ಳುವುದು ಇಳಿಯುವ ಉದ್ದವನ್ನು. ಮೇಲಿನಿಂದ ಕೆಳಗಿನವರೆಗಿನ ಎತ್ತರದ ವ್ಯತ್ಯಾಸ ಲೆವಿಯಲ್ಲಿ 325 ಮೀಟರ್, ಯುಲ್ಲಾಸ್‌ನಲ್ಲಿ 463, ರುಕಾದಲ್ಲಿ ಸುಮಾರು 200. ಚೆನ್ನಾಗಿ ಬಲ್ಲವರಿಗೆ ಒಂದು ಇಳಿತ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಕಲಿಯುವವರಿಗೆ ಇದೇ ಲಾಭ: ಇಳಿಜಾರು ಕಾಲು ನೋಯುವ ಮೊದಲೇ ಮುಗಿಯುತ್ತದೆ, ಬೆಚ್ಚಗಿನ ಕೋಣೆ ಯಾವಾಗಲೂ ಹತ್ತಿರದಲ್ಲಿರುತ್ತದೆ, ಮಂಜು ಕವಿದರೆ ಐದು ನಿಮಿಷದಲ್ಲಿ ಕೆಳಗಿರುತ್ತೀರಿ. ನಿಮ್ಮ ಅಮ್ಮನಿಗೂ ಎತ್ತರದ ಊರುಗಳಲ್ಲಿ ಕಾಡುವ ಏದುಸಿರು, ತಲೆನೋವು, ನಿದ್ದೆಗೇಡು ಯಾವುದೂ ಇರುವುದಿಲ್ಲ.

ಹಾಗಂತ ತೊಂದರೆಯೇ ಇಲ್ಲ ಎಂದಲ್ಲ. ಅಟ್ಲಾಂಟಿಕ್ ಕಡೆಯಿಂದ ಬೆಚ್ಚಗಿನ ಗಾಳಿ ನುಗ್ಗಿದರೆ ಡಿಸೆಂಬರ್‌ನಲ್ಲೂ ಒಂದೆರಡು ದಿನ ಹಿಮ ಒದ್ದೆಯಾಗಿ ಮತ್ತೆ ಹೆಪ್ಪುಗಟ್ಟುತ್ತದೆ. ಆಗ ಇಳಿಜಾರು ಗಾಜಿನಂತೆ. ಯಂತ್ರದ ಹಿಮದ ತಳ ಮೊದಲೇ ಗಟ್ಟಿ. ಜೊತೆಗೆ ಈ ಬೆಟ್ಟಗಳ ನೆತ್ತಿ ಬೋಳು; ಮರಗಳು ಮುಗಿದ ಮೇಲೆ ಗಾಳಿ ಹೊಸ ಹಿಮವನ್ನು ಗುಡಿಸಿಕೊಂಡು ಹೋಗಿ ಗಟ್ಟಿ ಪದರ ಮಾತ್ರ ಉಳಿಯುತ್ತದೆ. ಬಾಡಿಗೆ ಅಂಗಡಿಯಲ್ಲಿ ಸ್ಕೀ ಕೈಗೆ ಕೊಟ್ಟಾಗ ಲೋಹದ ಅಂಚಿನ ಮೇಲೆ ಉಗುರನ್ನು ಅಡ್ಡಲಾಗಿ ಎಳೆದು ನೋಡಿ. ಉಗುರಿನ ಸಣ್ಣ ಪುಡಿ ಎದ್ದರೆ ಅಂಚು ಚೂಪಾಗಿದೆ. ಏನೂ ಏಳದಿದ್ದರೆ ಬೇರೆ ಜೋಡಿ ಕೇಳಿ, ಕೇಳಲು ಸಂಕೋಚ ಬೇಡ.

ಎರಡುಕೋಲು

ಡಿಸೆಂಬರ್ ಮತ್ತು ಮಾರ್ಚ್ ನಡುವೆ ಆರಿಸಬೇಕಾದರೆ ಸ್ಕೀ ಉದ್ದೇಶಕ್ಕೆ ಮಾರ್ಚ್, ಅದರಲ್ಲಿ ಎರಡನೇ ಮಾತೇ ಇಲ್ಲ. ಕ್ರಿಸ್ಮಸ್ ವಾತಾವರಣ, ಸಾಂತಾ, ಹಿಮಸಾರಂಗದ ಬಂಡಿ ಮುಖ್ಯವಾದರೆ ಮಾತ್ರ ಡಿಸೆಂಬರ್.

ಕಾರಣ ಬೆಳಕು. ಲೆವಿಯಲ್ಲಿ ಡಿಸೆಂಬರ್ ಎರಡನೇ ವಾರದಿಂದ ಜನವರಿಯ ಮೊದಲ ದಿನಗಳವರೆಗೆ ಸೂರ್ಯ ದಿಗಂತದ ಮೇಲೆ ಬರುವುದೇ ಇಲ್ಲ. ಕಗ್ಗತ್ತಲೆಯೇನಲ್ಲ, ನಡು ಹಗಲಲ್ಲಿ ಮೂರ್ನಾಲ್ಕು ಗಂಟೆ ನೀಲಿ ಮಬ್ಬು ಬೆಳಕಿರುತ್ತದೆ. ಮುಖ್ಯ ಇಳಿಜಾರುಗಳಿಗೆ ದೀಪವೂ ಇದೆ. ಆದರೆ ಮಬ್ಬಿನಲ್ಲಿ ಹಿಮದ ಉಬ್ಬು ತಗ್ಗು ಕಾಣುವುದಿಲ್ಲ. ಕಲಿಯುವವರಿಗೆ ಇದು ಚಳಿಗಿಂತ ದೊಡ್ಡ ಕಷ್ಟ. ರುಕಾ ಆರ್ಕ್ಟಿಕ್ ವೃತ್ತಕ್ಕಿಂತ ಸ್ವಲ್ಪ ದಕ್ಷಿಣಕ್ಕಿರುವುದರಿಂದ ಅಲ್ಲಿ ಡಿಸೆಂಬರ್ ನಡುವಿನಲ್ಲೂ ಸೂರ್ಯ ಸ್ವಲ್ಪ ಹೊತ್ತು ಇಣುಕುತ್ತಾನೆ, ಅಷ್ಟೇ ವ್ಯತ್ಯಾಸ.

ಅಲ್ಲಿಂದ ಮುಂದೆ ಬೆಳಕು ಓಡೋಡಿ ಬರುತ್ತದೆ. ಲೆವಿಯಲ್ಲಿ ಜನವರಿ ಕೊನೆಗೆ ಹಗಲು ಆರು ಗಂಟೆಗೆ ಸ್ವಲ್ಪ ಕಡಿಮೆ, ಫೆಬ್ರವರಿ ನಡುವಿಗೆ ಹತ್ತಿರ ಹತ್ತಿರ ಎಂಟು, ಮಾರ್ಚ್ ನಡುವಿಗೆ ಹನ್ನೊಂದೂವರೆ, ಏಪ್ರಿಲ್ ನಡುವಿಗೆ ಹದಿನೈದೂವರೆ ಗಂಟೆ. ಮಾರ್ಚ್‌ನಲ್ಲಿ ಹಗಲು ಸಾಮಾನ್ಯವಾಗಿ ಮೈನಸ್ 2ರಿಂದ ಮೈನಸ್ 10ರ ನಡುವೆ, ರಾತ್ರಿ ಮೈನಸ್ 15–20ಕ್ಕೂ ಇಳಿಯಬಹುದು. ಹಿಮ ಒಣಗಿರುತ್ತದೆ, ದಪ್ಪವೂ ಆಗಲೇ ಹೆಚ್ಚು. ಉತ್ತರದ ಬೆಳಕು, ಅಂದರೆ ಆರೋರಾ ನೋಡಲು ಬೇಕಾದ ಕತ್ತಲ ರಾತ್ರಿಯೂ ಮಾರ್ಚ್‌ನಲ್ಲಿ ಇನ್ನೂ ಉಳಿದಿರುತ್ತದೆ. ಏಪ್ರಿಲ್ ಕಳೆಯುತ್ತಿದ್ದಂತೆ ಅದು ಹೋಗುತ್ತದೆ.

ವಾರ ಆರಿಸುವಾಗ ನಾರ್ಡಿಕ್ ಶಾಲಾ ರಜೆಗಳನ್ನು ತಪ್ಪಿಸಿ. ಫಿನ್ಲೆಂಡಿನ ಚಳಿಗಾಲದ ರಜೆ ವರ್ಷದ 8, 9, 10ನೇ ವಾರಗಳಲ್ಲಿ ಪ್ರದೇಶವಾರು ಬರುತ್ತದೆ, ಅಂದರೆ ಫೆಬ್ರವರಿ ಮೂರನೇ ವಾರದಿಂದ ಮಾರ್ಚ್ ಮೊದಲ ವಾರದವರೆಗೆ. ಸ್ವೀಡನ್‌ನದು 7ರಿಂದ 10ನೇ ವಾರ. ಆ ದಿನಗಳಲ್ಲಿ ಮನೆ ಬಾಡಿಗೆ, ವಿಮಾನದ ದರ ಎರಡೂ ಏರುತ್ತವೆ, ಸ್ಕೀ ಶಾಲೆಯಲ್ಲಿ ಜಾಗ ಸಿಗುವುದಿಲ್ಲ. ಆ ವರ್ಷದ ಈಸ್ಟರ್ ಯಾವಾಗ ಎಂದೂ ನೋಡಿಕೊಳ್ಳಿ. ನಾನು ಆರಿಸುವುದಾದರೆ 11 ಅಥವಾ 12ನೇ ವಾರ.

ಇನ್ನು ಮೈನಸ್ 25ರ ಪ್ರಶ್ನೆ. ಉಷ್ಣಾಂಶದ ಅಂಕಿ ಒಂದನ್ನೇ ನೋಡಬೇಡಿ, ಗಾಳಿಯನ್ನೂ ನೋಡಿ. ಮೈನಸ್ 20ರಲ್ಲಿ ಸೆಕೆಂಡಿಗೆ 5 ಮೀಟರ್ ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಅದು ಮೈನಸ್ 30. ಗಾಳಿಯೇ ಇಲ್ಲದ ಮೈನಸ್ 15ರ ದಿನವೂ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇಳಿದರೆ ಮುಖಕ್ಕೆ ತಾಗುವುದು ಮೈನಸ್ 26ರ ಚಳಿ. ಆ ಗಾಳಿ ನಾವೇ ಮಾಡಿಕೊಂಡದ್ದು. ಆದ್ದರಿಂದ ಮೈನಸ್ 20ರ ಕೆಳಗೆ ಮಕ್ಕಳನ್ನು ಅರ್ಧ ಗಂಟೆಗೊಮ್ಮೆ ಒಳಗೆ ಕರೆದುಕೊಂಡು ಬನ್ನಿ, ತೆರೆದ ಕುರ್ಚಿ ಲಿಫ್ಟ್ ಬಿಟ್ಟು ಮುಚ್ಚಿದ ಗೊಂಡೋಲಾ ಬಳಸಿ, ಮರಗಳ ನಡುವಿನ ಇಳಿಜಾರಲ್ಲೇ ಇರಿ. ಕೆನ್ನೆ, ಮೂಗಿನ ತುದಿ, ಕಿವಿಯ ಮೇಲೆ ಮೇಣದಂಥ ಬಿಳಿ ಮಚ್ಚೆ ಕಂಡರೆ ಅದೇ ಹಿಮಕಡಿತದ ಆರಂಭ. ಕೂಡಲೇ ಒಳಗೆ ಹೋಗಿ ಬೆಚ್ಚಗಿನ ಅಂಗೈಯನ್ನು ಅದರ ಮೇಲೆ ಇಡಬೇಕು. ಉಜ್ಜಬಾರದು, ಹಿಮದಿಂದ ತಿಕ್ಕುವುದಂತೂ ಖಂಡಿತ ಕೂಡದು. ಮಕ್ಕಳು ತಮ್ಮ ಕೆನ್ನೆ ತಾವೇ ನೋಡಿಕೊಳ್ಳಲಾರರು; ಒಬ್ಬರ ಮುಖ ಇನ್ನೊಬ್ಬರು ನೋಡುವ ರೂಢಿ ಮೊದಲ ದಿನವೇ ಮಾಡಿಸಿ.

ಇಲ್ಲಿ ಒಂದು ವಿಚಿತ್ರ ಸಂಗತಿ ಇದೆ, ಬಹಳ ಜನರಿಗೆ ಗೊತ್ತಿರುವುದಿಲ್ಲ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ತಣ್ಣನೆಯ ಭಾರದ ಗಾಳಿ ಕಣಿವೆಗೆ ಇಳಿದು ಕೆರೆಯಂತೆ ನಿಲ್ಲುತ್ತದೆ. ಆಗ ಊರಲ್ಲಿ ಮೈನಸ್ 28, ಬೆಟ್ಟದ ಮೇಲೆ ಮೈನಸ್ 16 ಇರಬಹುದು. ಫಿನ್ಲೆಂಡಿನ ಅತಿ ಕಡಿಮೆ ಉಷ್ಣಾಂಶ, ಮೈನಸ್ 51.5, ದಾಖಲಾದದ್ದು 1999ರ ಜನವರಿ 28ರಂದು, ಲೆವಿ ಇರುವ ಕಿತ್ತಿಲಾ ಪಾಲಿಕೆಯದೇ ಪೊಕ್ಕಾ ಎಂಬ ಹಳ್ಳಿಯಲ್ಲಿ. ಅದೂ ಬೆಟ್ಟದ ತುದಿಯಲ್ಲ. ಹೀಗಾಗಿ ಬೆಳಿಗ್ಗೆ ಮನೆ ಬಾಗಿಲ ಉಷ್ಣಮಾಪಕ ನೋಡಿ ದಿನವನ್ನೇ ಬಿಟ್ಟುಕೊಡಬೇಡಿ. ಸ್ಕೀ ಕೇಂದ್ರದ ಜಾಲತಾಣದಲ್ಲಿ ತುದಿಯ ಉಷ್ಣಾಂಶ ಮತ್ತು ಗಾಳಿ ನೋಡಿ ತೀರ್ಮಾನಿಸಿ.

ನಕ್ಷೆಗಾರ

ತುಂಬಾ ಉಪಯೋಗವಾಯಿತು. ಹಾಗಾದರೆ ಮಾರ್ಚ್, 11ನೇ ವಾರ ಎಂದಿಟ್ಟುಕೊಳ್ಳುತ್ತೇವೆ. ಊರು ಯಾವುದು, ಹೋಗುವುದು ಹೇಗೆ, ಬಾಡಿಗೆ ಸಾಮಾನು ತೆಗೆದುಕೊಳ್ಳುವಾಗ ಏನು ನೋಡಬೇಕು? ಲಿಫ್ಟ್ ಪಾಸ್ ಆರು ದಿನದ್ದು ಒಟ್ಟಿಗೆ ಕೊಳ್ಳಬೇಕೇ?

ಮರಸಾಲು

ನಿಮ್ಮ ಗುಂಪಿಗೆ ಲೆವಿ. ಕಾರಣ ಒಂದೇ: ಅಲ್ಲಿನ ಸಿರ್ಕ್ಕಾ ಹಳ್ಳಿಯ ನಡುಭಾಗ ಇಳಿಜಾರಿನ ಬುಡದಲ್ಲೇ ಇದೆ. ಮನೆ, ಅಂಗಡಿ, ಬಾಡಿಗೆ ಕೇಂದ್ರ, ಮಕ್ಕಳ ಕಲಿಕೆ ಜಾಗ, ಗೊಂಡೋಲಾ ಎಲ್ಲಕ್ಕೂ ನಡೆದು ಹೋಗಬಹುದು. ಒಬ್ಬರಿಗೆ ಚಳಿಯಾದರೆ ಅವರೊಬ್ಬರೇ ಮನೆಗೆ ಮರಳಬಹುದು. ಐದು ಜನರ, ಮೂರು ತಲೆಮಾರಿನ ಗುಂಪಿಗೆ ಈ ಸೌಕರ್ಯ ಬೇರೆಲ್ಲಕ್ಕಿಂತ ದೊಡ್ಡದು.

ಯುಲ್ಲಾಸ್ ಬೆಟ್ಟ ಇನ್ನೂ ಎತ್ತರ, ಸುಮಾರು 718 ಮೀಟರ್. ಇಳಿಜಾರು ಉದ್ದ, ಜನ ಕಡಿಮೆ, ಕಾಡು ಚೆಂದ. ಆದರೆ ಅದರ ಎರಡು ಹಳ್ಳಿಗಳು, ಆಕಾಸ್ಲೊಂಪೊಲೊ ಮತ್ತು ಯುಲ್ಲಾಸ್‌ಯಾರ್ವಿ, ಬೆಟ್ಟದ ಆಚೆ ಈಚೆ ಇವೆ, ಮನೆಗಳು ಇಳಿಜಾರಿನಿಂದ ದೂರ. ತುದಿ ದಾಟಿ ಆ ಕಡೆ ಇಳಿದ ಮೇಲೆ ಗಾಳಿಗೆ ಮೇಲಿನ ಲಿಫ್ಟ್ ನಿಂತರೆ ಸ್ಕೀ ಮೇಲೆ ಮರಳಿ ಬರಲಾಗುವುದಿಲ್ಲ, ರಸ್ತೆಯಲ್ಲಿ ಬಸ್ಸು ಹಿಡಿದು ಸುತ್ತಿಕೊಂಡು ಬರಬೇಕು. ಅಲ್ಲಿಗೆ ಹೋದರೆ ಕೊನೆಯ ಬಸ್ಸಿನ ಹೊತ್ತು ಬರೆದಿಟ್ಟುಕೊಂಡೇ ದಾಟಿ. ರುಕಾ ಅಚ್ಚುಕಟ್ಟು, ಪುಟ್ಟದು, ಕೂಸಮೊ ವಿಮಾನ ನಿಲ್ದಾಣದಿಂದ ಅರ್ಧ ಗಂಟೆ. ಏಳು ದಿನಕ್ಕೆ ನಿಮ್ಮಿಬ್ಬರಿಗೆ ಸ್ವಲ್ಪ ಚಿಕ್ಕದಾದೀತು.

ಹೋಗುವ ಮುಖ್ಯ ದಾರಿ ಎರಡು. ಹೆಲ್ಸಿಂಕಿಯಿಂದ ಕಿತ್ತಿಲಾಗೆ ವಿಮಾನ ಸುಮಾರು ಒಂದೂಕಾಲು ಗಂಟೆಯಿಂದ ಒಂದೂವರೆ ಗಂಟೆ, ಅಲ್ಲಿಂದ ಲೆವಿ 15 ಕಿಲೋಮೀಟರ್. ವಿಮಾನದ ಹೊತ್ತಿಗೆ ಸರಿಯಾಗಿ ಬಸ್ಸು ಇರುತ್ತದೆ. ದೂರದಿಂದ ಬರುವವರು ಕಿತ್ತಿಲಾವರೆಗೂ ಒಂದೇ ಟಿಕೆಟ್ ಮಾಡಿಸಿ. ಬೇರೆ ಬೇರೆ ಟಿಕೆಟ್ ಇದ್ದರೆ ಮೊದಲ ವಿಮಾನ ತಡವಾದಾಗ ಎರಡನೆಯದಕ್ಕೆ ಹೊಣೆ ನಿಮ್ಮದೇ, ಸ್ಕೀ ಋತುವಿನ ವಾರಾಂತ್ಯದಲ್ಲಿ ಮುಂದಿನ ವಿಮಾನದಲ್ಲಿ ಐದು ಸೀಟು ಒಟ್ಟಿಗೆ ಸಿಗುವುದು ಕಷ್ಟ. ಇನ್ನೊಂದು ದಾರಿ ರಾತ್ರಿ ರೈಲು: ಹೆಲ್ಸಿಂಕಿಯಿಂದ ಕೊಲಾರಿಗೆ, ಅಲ್ಲಿಂದ ಯುಲ್ಲಾಸ್ ಮತ್ತು ಲೆವಿಗೆ ಬಸ್ಸು. ಮಲಗುವ ಕೋಣೆಗಳಿವೆ, ಕಾರನ್ನೂ ರೈಲಿಗೆ ಹಾಕಬಹುದು, ಸಾಮಾನಿನ ತೂಕದ ಕಾಟ ಇಲ್ಲ. ಮಕ್ಕಳಿಗೆ ಇದು ಖುಷಿ. ಕೊಲಾರಿಯಿಂದ ಲೆವಿ ಸುಮಾರು 80 ಕಿಲೋಮೀಟರ್ ಎಂಬುದು ಲೆಕ್ಕದಲ್ಲಿರಲಿ. ರೊವಾನಿಯೆಮಿವರೆಗೆ ಹೋಗಿ ಅಲ್ಲಿಂದ 170 ಕಿಲೋಮೀಟರ್ ಬಸ್ಸಿನಲ್ಲಿ ಬರುವುದು ಮೂರನೇ ಆಯ್ಕೆ, ಉಳಿದವು ತುಂಬಿಹೋದಾಗ.

ಲೆವಿಯ ನಡುಭಾಗದಲ್ಲಿ ಉಳಿದರೆ ಕಾರು ಬೇಡ. ಯುಲ್ಲಾಸ್ ಆದರೆ ಬೇಕು.

ಮನೆ ಹಿಡಿಯುವಾಗ ನಾಲ್ಕು ಸಂಗತಿ ಬರಹದಲ್ಲಿ ಕೇಳಿ: ಹಾಸಿಗೆ ಬಟ್ಟೆ ಮತ್ತು ಟವೆಲ್ ದರದಲ್ಲಿ ಸೇರಿದೆಯೇ, ಕೊನೆಯ ಶುಚಿಗೆ ಬೇರೆ ಹಣವೇ, ಬಟ್ಟೆ ಒಣಗಿಸುವ ಬೀರು ಇದೆಯೇ, ಮನೆ ಬದಲಾಗುವುದು ಶನಿವಾರವೋ ಭಾನುವಾರವೋ. ಹಾಸಿಗೆ ಬಟ್ಟೆ, ಶುಚಿ ಎರಡೂ ಬಹಳ ಕಡೆ ದರದ ಹೊರಗೇ ಇರುತ್ತವೆ. ಒಣಗಿಸುವ ಬೀರು ಇಲ್ಲದ ಮನೆ ಬೇಡವೇ ಬೇಡ: ಒದ್ದೆ ಕೈಗವಸು, ಬೂಟಿನ ಒಳಪದರ ರಾತ್ರಿಯಲ್ಲಿ ಒಣಗದಿದ್ದರೆ ಮರುದಿನ ಚಳಿ ತಡೆಯಲು ಏನು ಹಾಕಿದರೂ ಸಾಲದು. ಸೌನಾ ಹೆಚ್ಚಿನ ಮನೆಗಳಲ್ಲಿ ಇದ್ದೇ ಇರುತ್ತದೆ.

ಅಮ್ಮನಿಗೆ ಗೊಂಡೋಲಾಕ್ಕೆ ಸ್ಕೀ ಇಲ್ಲದವರ ಟಿಕೆಟ್ ಸಿಗುತ್ತದೆ, ಮೇಲೆ ಉಪಾಹಾರಗೃಹದಲ್ಲಿ ನಿಮ್ಮೊಂದಿಗೆ ಊಟಕ್ಕೆ ಕೂರಬಹುದು. ನಡೆಯಲು ತುಳಿದು ಗಟ್ಟಿ ಮಾಡಿದ ಬೇರೆ ದಾರಿಗಳಿವೆ. ಬೂಟಿನ ಅಡಿಗೆ ಎಳೆದು ಸಿಕ್ಕಿಸುವ ರಬ್ಬರಿನ ಮುಳ್ಳುಪಟ್ಟಿ ಮೊದಲ ದಿನವೇ ಕೊಳ್ಳಿ. ಜಾರಿ ಬೀಳುವುದು ಇಳಿಜಾರಿಗಿಂತ ಹೆಚ್ಚಾಗಿ ಅಂಗಡಿ ಮುಂದಿನ ಹಾದಿಯಲ್ಲಿ. ನಿಂತು ಕಾಲಿಂದ ತಳ್ಳುವ ಉಕ್ಕಿನ ಬಂಡಿ, ಪೊಟ್ಕುಕೆಲ್ಕ, ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು: ಹಿಡಿದುಕೊಳ್ಳಲು ಆಸರೆಯೂ ಆಯಿತು, ಸಾಮಾನು ಇಡಲೂ ಆಯಿತು.

ಹಿಮದಾರಿ

ಬಾಡಿಗೆಯಲ್ಲಿ ಬೂಟೇ ಮುಖ್ಯ, ಸ್ಕೀ ಆಮೇಲೆ. ಅಳತೆ ಸೆಂಟಿಮೀಟರ್‌ನಲ್ಲಿ, ಪಾದದ ಉದ್ದಕ್ಕೆ. ಮೊದಲು ಒಳಪದರ ಹೊರತೆಗೆದು, ಬರಿ ಪ್ಲಾಸ್ಟಿಕ್ ಹೊರಕವಚದಲ್ಲಿ ಕಾಲಿಟ್ಟು ಬೆರಳುಗಳನ್ನು ಮುಂದಕ್ಕೆ ತಾಗಿಸಿ. ಹಿಮ್ಮಡಿಯ ಹಿಂದೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಜಾಗ ಉಳಿಯಬೇಕು. ಆಮೇಲೆ ಒಳಪದರ ಹಾಕಿ ಕೊಂಡಿ ಬಿಗಿದಾಗ, ನೇರ ನಿಂತರೆ ಹೆಬ್ಬೆರಳು ಮುಂದೆ ಸೋಕಬೇಕು, ಮೊಣಕಾಲು ಮುಂದೆ ಬಗ್ಗಿಸಿದರೆ ಸೋಕಬಾರದು. ಚಳಿ ಎಂದು ಎರಡು ಜೊತೆ ಕಾಲುಚೀಲ ಹಾಕುವುದು ಎಲ್ಲರೂ ಮಾಡುವ ತಪ್ಪು. ಬಿಗಿತದಿಂದ ರಕ್ತ ಓಡದೆ ಬೆರಳು ಇನ್ನೂ ಬೇಗ ಮರಗಟ್ಟುತ್ತವೆ. ತೆಳುವಾದ, ಮೊಣಕಾಲವರೆಗಿನ ಉಣ್ಣೆಯದು ಒಂದೇ ಜೊತೆ ಸಾಕು.

ಇನ್ನೊಂದು: ತೀವ್ರ ಚಳಿಯಲ್ಲಿ ಪ್ಲಾಸ್ಟಿಕ್ ಬೂಟು ಕಲ್ಲಾಗುತ್ತದೆ. ರಾತ್ರಿ ಹೊರಗಿನ ಕೊಠಡಿಯಲ್ಲೋ ಕಾರಿನಲ್ಲೋ ಬಿಟ್ಟರೆ ಬೆಳಿಗ್ಗೆ ಕಾಲು ತೂರಿಸಲೂ ಆಗುವುದಿಲ್ಲ. ಮನೆಯೊಳಗೇ ಇಡಿ, ಮನೆಯಲ್ಲೇ ಹಾಕಿಕೊಂಡು ಹೊರಡಿ.

ಮಕ್ಕಳ ಸ್ಕೀ ಉದ್ದ ಗಲ್ಲದಿಂದ ಮೂಗಿನವರೆಗೆ. ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ, ಅಂದರೆ ಬೈಂಡಿಂಗ್, ಎಷ್ಟು ಬಲಕ್ಕೆ ಕಳಚಬೇಕು ಎಂಬುದನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಪರಿಣತಿ ನೋಡಿ ಹೊಂದಿಸುತ್ತಾರೆ. ತೂಕ ಕಡಿಮೆ ಹೇಳಬೇಡಿ, ಪರಿಣತಿ ಹೆಚ್ಚು ಹೇಳಬೇಡಿ. ಬಿದ್ದಾಗ ಸ್ಕೀ ಕಳಚದಿದ್ದರೆ ತಿರುಚುವುದು ಮೊಣಕಾಲು.

ಇಳಿಜಾರಿನ ಬಣ್ಣದಲ್ಲಿ ಒಂದು ವ್ಯತ್ಯಾಸ: ನಾರ್ಡಿಕ್ ದೇಶಗಳಲ್ಲಿ ನೀಲಿಗಿಂತ ಸುಲಭವಾದ ಹಸಿರು ಇದೆ. ಮಕ್ಕಳು ಹಸಿರಿನಿಂದ ಶುರು ಮಾಡಲಿ.

ಲಿಫ್ಟ್ ಪಾಸ್ ಆರು ದಿನದ್ದು ಮಕ್ಕಳಿಗೆ ಮೊದಲೇ ಬೇಡ. ಮೊದಲ ಎರಡು ದಿನ ಅವರು ಇರುವುದು ಕಲಿಕೆ ಜಾಗದ ಚಲಿಸುವ ಪಟ್ಟಿಯ ಮೇಲೆ. ಆ ಜಾಗಕ್ಕೆ ಪೂರ್ತಿ ಪಾಸ್ ಬೇಕೇ ಎಂದು ಶಾಲೆಯನ್ನೇ ಕೇಳಿ. ನಿಮ್ಮಿಬ್ಬರಿಗೂ ಸತತ ಆರು ದಿನಕ್ಕಿಂತ ನಡುವೆ ದಿನ ಬಿಟ್ಟು ಬೇಕಾದ ದಿನ ಮಾತ್ರ ಬಳಸಬಹುದಾದ ಪಾಸ್ ಇದ್ದರೆ ಅದೇ ವಾಸಿ, ಗಾಳಿಯ ದಿನ ಸುಮ್ಮನೆ ಹಾಳಾಗುವುದಿಲ್ಲ. ಗಾಳಿಗೆ ಕೆಲವು ಲಿಫ್ಟ್ ನಿಂತರೆ ಹಣ ಮರಳುತ್ತದೆಯೇ ಎಂಬ ಷರತ್ತನ್ನು ಕೊಳ್ಳುವ ಮುನ್ನ ಓದಿ. ಜಾಲದಲ್ಲಿ ಮುಂಚಿತವಾಗಿ ಕೊಂಡರೆ ಸಾಮಾನ್ಯವಾಗಿ ಅಗ್ಗ. ಮಕ್ಕಳಿಗೆ ಮೂರರಿಂದ ಐದು ದಿನದ ಗುಂಪು ಪಾಠ, ಇಂಗ್ಲಿಷ್‌ನಲ್ಲಿ, ಮನೆ ಬುಕ್ ಮಾಡಿದ ದಿನವೇ ಬುಕ್ ಮಾಡಿ.

ನಾರ್ಡಿಕ್ ಬೆಟ್ಟಗಳಲ್ಲಿ ಎಳೆದೊಯ್ಯುವ ಟಿ-ಬಾರ್ ಲಿಫ್ಟುಗಳು ಬಹಳ. ಹೊಸಬರು ಬೀಳುವುದು ಇಳಿಜಾರಿಗಿಂತ ಹೆಚ್ಚಾಗಿ ಇಲ್ಲೇ. ಕಾರಣ, ಅಡ್ಡಪಟ್ಟಿಯನ್ನು ಕುರ್ಚಿ ಎಂದುಕೊಂಡು ಕೂರಲು ನೋಡುತ್ತಾರೆ. ಅದು ಕೂರಿಸುವುದಿಲ್ಲ, ತಳ್ಳುತ್ತದೆ. ನಿಂತೇ ಇರಬೇಕು: ಮೊಣಕಾಲು ಸಡಿಲ, ಸ್ಕೀಗಳು ನೇರ ಮುಂದಕ್ಕೆ, ಭಾರ ಕಾಲಿನ ಮೇಲೆ. ಕೋಲುಗಳೆರಡೂ ಹೊರಗಿನ ಕೈಯಲ್ಲಿ. ಬಿದ್ದರೆ ಪಟ್ಟಿ ಬಿಟ್ಟು ಕೂಡಲೇ ಹಾದಿಯಿಂದ ಪಕ್ಕಕ್ಕೆ ಉರುಳಬೇಕು, ಹಿಂದಿನವರು ಬರುತ್ತಿರುತ್ತಾರೆ. 8 ವರ್ಷದ ಮಗುವನ್ನು ದೊಡ್ಡವರ ಜೊತೆ ಜೋಡಿ ಮಾಡಿದರೆ ಎತ್ತರದ ವ್ಯತ್ಯಾಸದಿಂದ ಪಟ್ಟಿ ನಿಮ್ಮ ತೊಡೆಗೂ ಮಗುವಿನ ಬೆನ್ನಿಗೂ ಬರುತ್ತದೆ. ಅಕ್ಕನ ಜೊತೆಯೋ ಅಣ್ಣನ ಜೊತೆಯೋ, ಎತ್ತರ ಹತ್ತಿರ ಇರುವವರನ್ನೇ ಜೋಡಿ ಮಾಡಿ.

ಎರಡುಕೋಲು

ಬಟ್ಟೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಮೈಗೆ ತಾಗುವುದು ಮೆರಿನೊ ಉಣ್ಣೆ, ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆ, ಹೊರಗೆ ಗಾಳಿ ತಡೆಯುವ ಪದರ. ಹತ್ತಿ ಎಲ್ಲೂ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಐದು ಬೆರಳಿನ ಗವಸಿಗಿಂತ ಬೆರಳೆಲ್ಲ ಒಟ್ಟಿಗಿರುವ ಗವಸು ಬೆಚ್ಚಗೆ. ಮಕ್ಕಳಿಗೆ ಎರಡು ಜೊತೆ. ಸ್ಕೀ ಕನ್ನಡಕವನ್ನು ಹಣೆಯ ಮೇಲೆ ಏರಿಸಬೇಡಿ, ಬೆವರಿನ ಆವಿ ಒಳಗೆ ಹೆಪ್ಪುಗಟ್ಟುತ್ತದೆ. ಫೋನ್ ಒಳ ಜೇಬಿನಲ್ಲಿ, ಇಲ್ಲದಿದ್ದರೆ ಚಳಿಗೆ ಬ್ಯಾಟರಿ ಸತ್ತಂತಾಗುತ್ತದೆ. ಮಾರ್ಚ್ ಬಿಸಿಲು ಹಿಮದಿಂದ ಮರಳಿ ಹೊಡೆಯುವುದರಿಂದ ಸನ್‌ಸ್ಕ್ರೀನ್ ಮರೆಯಬೇಡಿ.

ಹೆಚ್ಚು ಹೇಳಬೇಕಾದದ್ದು ಬಯಲು ಸ್ಕೀ, ಅಂದರೆ ಲಿಫ್ಟ್ ಇಲ್ಲದೆ ಕಾಡಿನ ಹಾದಿಯಲ್ಲಿ ಸ್ವಂತ ಬಲದಿಂದ ಜಾರಿಕೊಂಡು ಹೋಗುವುದರ ಬಗ್ಗೆ, ಯಾಕೆಂದರೆ ತಗ್ಗಿನ ನಾರ್ಡಿಕ್ ನಾಡಿನ ನಿಜವಾದ ಸಂಪತ್ತು ಅದೇ. ಏಳು ದಿನವೂ ಇಳಿಜಾರಲ್ಲೇ ಕಳೆದರೆ ಅಲ್ಲಿಗೆ ಹೋದ ಅರ್ಧ ಫಲ ಕೈಬಿಟ್ಟಂತೆ. ಯುಲ್ಲಾಸ್ ಸುತ್ತ ಮಾತ್ರವೇ ಸುಮಾರು 330 ಕಿಲೋಮೀಟರ್ ಸಿದ್ಧಪಡಿಸಿದ ಹಾದಿ ಇದೆ, ಅದರಲ್ಲಿ ಬಹುಭಾಗ ಪಲ್ಲಾಸ್-ಯುಲ್ಲಾಸ್‌ತುಂತುರಿ ರಾಷ್ಟ್ರೀಯ ಉದ್ಯಾನದ ಕಡೆಗೆ. ಲೆವಿಯಲ್ಲೂ ಹಾದಿಗಳಿಗೆ ಬರವಿಲ್ಲ, ಕೆಲವಕ್ಕೆ ರಾತ್ರಿ ದೀಪವಿದೆ. ಹಾದಿಗೆ ಲಿಫ್ಟ್ ಬೇಡ, ಗಾಳಿಯ ದಿನವೂ ಕಾಡಿನೊಳಗೆ ಶಾಂತ. ದೇಹ ತಾನೇ ದುಡಿಯುವುದರಿಂದ ಮೈನಸ್ 15ರಲ್ಲೂ ಚಳಿ ತಟ್ಟುವುದಿಲ್ಲ.

ಹೊಸಬರು ಎರಡು ಕೊರೆದ ಗೆರೆಗಳ ಶಾಸ್ತ್ರೀಯ ಶೈಲಿ ಆರಿಸಿ. ಪಾದದ ಕೆಳಗೆ ಸಣ್ಣ ರೋಮದ ಪಟ್ಟಿ ಅಂಟಿಸಿದ ಸ್ಕೀ ಕೇಳಿ. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಹಿಡಿಯುತ್ತದೆ, ದಿನದ ಉಷ್ಣಾಂಶ ನೋಡಿ ಮೇಣ ಹಚ್ಚುವ ಕೆಲಸ ಇಲ್ಲ. ಈ ಸ್ಕೀಯನ್ನು ಉದ್ದಕ್ಕಿಂತ ತೂಕಕ್ಕೆ ಸರಿಯಾಗಿ ಕೊಡಬೇಕು. ತೂಕಕ್ಕೆ ಗಡುಸಾದರೆ ಪಟ್ಟಿ ಹಿಮ ಮುಟ್ಟದೆ ಹಿಂದೆ ಜಾರುತ್ತೀರಿ, ಮೆದುವಾದರೆ ಪಟ್ಟಿ ಸದಾ ಉಜ್ಜಿ ಮುಂದೆ ಹೋಗುವುದೇ ಇಲ್ಲ. ಕೋಲಿನ ಉದ್ದ ಎತ್ತರದ ನೂರಕ್ಕೆ 83–85 ಭಾಗ. 170 ಸೆಂಟಿಮೀಟರ್ ಎತ್ತರದವರಿಗೆ 140–145. ಮೊದಲ ದಿನ 5 ಕಿಲೋಮೀಟರ್ ಸಾಕು, ಹಾದಿಬದಿಯ ಕಾಫಿ ಗುಡಿಸಲು ಒಂದು ನಡುವೆ ಬರುವಂಥದ್ದು ಹುಡುಕಿ.

ಮೈನಸ್ 20ರ ಕೆಳಗೆ ಸ್ಕೀ ಜಾರುವುದಿಲ್ಲ ಎಂದು ಕಂಗೆಡಬೇಡಿ. ಜಾರುವಿಕೆಗೆ ಘರ್ಷಣೆಯಿಂದ ಹುಟ್ಟುವ ತೆಳು ನೀರಿನ ಪದರ ಬೇಕು; ಅಷ್ಟು ಚಳಿಯಲ್ಲಿ ಅದು ಸಾಕಷ್ಟು ಹುಟ್ಟುವುದಿಲ್ಲ, ಹರಳುಗಳು ಮರಳಿನ ಕಾಗದದಂತೆ ತಳವನ್ನು ಹಿಡಿಯುತ್ತವೆ. ಆ ದಿನ ದೂರ ಅರ್ಧ ಮಾಡಿ.

ಹಾದಿಯ ಶಿಸ್ತು ಇಷ್ಟು: ಬಲಕ್ಕಿರಿ, ನಿಲ್ಲುವಾಗ ಗೆರೆಯಿಂದ ಹೊರಗೆ ಬನ್ನಿ, ಇಳಿದು ಬರುವವರಿಗೆ ದಾರಿ ಬಿಡಿ, ಬೂಟುಗಾಲಲ್ಲಿ ಗೆರೆಯ ಮೇಲೆ ನಡೆಯಲೇಬೇಡಿ. ಅಮ್ಮನಿಗೂ ಇದನ್ನು ಹೇಳಿಡಿ, ನಡೆಯುವವರಿಗೆ ಬೇರೆ ದಾರಿ ಇದೆ.

ಕಡಿದಾದಬೆಟ್ಟ

ಮೇಲಿನ ಸಲಹೆ ಈ ಕುಟುಂಬಕ್ಕೆ ಸರಿ. ಆದರೆ ಈ ಎಳೆ ಓದುವ ಬೇರೆಯವರಿಗಾಗಿ ಒಂದು ಮಾತು: ಕೆಂಪು ಮತ್ತು ಅತಿ ಕಷ್ಟದ ಕಪ್ಪು ಇಳಿಜಾರುಗಳಲ್ಲಿ ದಿನವಿಡೀ ಇಳಿಯುವವರು ಲೆವಿಗೆ ಒಂದು ವಾರ ಹೋಗಬೇಡಿ. ಸ್ವೀಡನ್‌ನ ಓರೆ ನೋಡಿ. ಹಳ್ಳಿ 400 ಮೀಟರ್‌ಗೂ ಕೆಳಗೆ, ಆದರೆ ಓರೆಸ್ಕುತಾನ್ ಬೆಟ್ಟ 1,420 ಮೀಟರ್. 1976ರಲ್ಲಿ ಶುರುವಾದ ಕೇಬಲ್ ಕಾರು 1,274 ಮೀಟರ್‌ವರೆಗೆ ಒಯ್ಯುತ್ತದೆ, ಇಳಿತ 890 ಮೀಟರ್. ಸ್ಟಾಕ್‌ಹೋಮ್‌ನಿಂದ ರಾತ್ರಿ ರೈಲು ಹಳ್ಳಿಯಲ್ಲೇ ನಿಲ್ಲುತ್ತದೆ. ಅಲ್ಲಿನ ಕಷ್ಟ ಬೇರೆ: ಅಟ್ಲಾಂಟಿಕ್ ಹತ್ತಿರ, ಗಾಳಿಗೆ ಮೇಲಿನ ಲಿಫ್ಟುಗಳು ನಿಲ್ಲುವುದು ಸಾಮಾನ್ಯ, ಚಳಿಗಾಲದ ನಡುವೆ ಕೆಳಗೆ ಮಳೆಯೂ ಬರಬಹುದು. ಅಂದರೆ ಎತ್ತರದ ಲೆಕ್ಕ ಅಲ್ಲಿ ಸ್ವಲ್ಪ ಮಟ್ಟಿಗೆ ಮತ್ತೆ ಜೀವ ಪಡೆಯುತ್ತದೆ. ನಾರ್ವೆಯ ತ್ರೀಸಿಲ್ ಒಳನಾಡು, ತುದಿ 1,132 ಮೀಟರ್, ಮಕ್ಕಳಿರುವ ಮಧ್ಯಮ ಮಟ್ಟದವರಿಗೆ ಅತ್ಯುತ್ತಮ. ಹಣ ಮಾತ್ರ ಎರಡೂ ಕಡೆ ಯೂರೋ ಅಲ್ಲ, ಆಯಾ ದೇಶದ ಕ್ರೋನ.

ನಕ್ಷೆಗಾರ

ಲೆವಿಗೇ ತೀರ್ಮಾನ. ಒಂದು ದಿನ ಕಾರು ಬಾಡಿಗೆಗೆ ತೆಗೆದುಕೊಂಡು ಯುಲ್ಲಾಸ್ ನೋಡಿ ಬರೋಣವೆಂದಿದ್ದೇವೆ. ಹಿಮದ ರಸ್ತೆಯಲ್ಲಿ ಓಡಿಸುವುದಕ್ಕೆ ಏನು ಗಮನಿಸಬೇಕು? ವೀಸಾಗೆ ಮಾಡಿಸುವ ವಿಮೆ ಸ್ಕೀಗೂ ಸಾಕೇ?

ಮರಸಾಲು

ವಿಮೆ ಸಾಕಾಗದೇ ಹೋಗಬಹುದು. ಷೆಂಗೆನ್ ವೀಸಾಗೆ ಬೇಕಾದದ್ದು ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆ. ಅಗ್ಗದ ಪಾಲಿಸಿಗಳು ಬಹಳಷ್ಟು ಚಳಿಗಾಲದ ಆಟಗಳನ್ನು ಹೊರಗಿಡುತ್ತವೆ. ಪಾಲಿಸಿಯಲ್ಲಿ ಮೂರು ಸಂಗತಿ ಹುಡುಕಿ: ಇಳಿಜಾರಿನಲ್ಲಿ ಸ್ಕೀ ಮಾಡುವುದು ಸೇರಿದೆಯೇ, ರಕ್ಷಣೆ ಮತ್ತು ಆಂಬುಲೆನ್ಸ್ ಸೇರಿದೆಯೇ, ನೀವು ಇನ್ನೊಬ್ಬರಿಗೆ ಡಿಕ್ಕಿ ಹೊಡೆದರೆ ಹೊಣೆ ಸೇರಿದೆಯೇ. ದೊಡ್ಡ ಆಸ್ಪತ್ರೆ ಇರುವುದು 170 ಕಿಲೋಮೀಟರ್ ದೂರದ ರೊವಾನಿಯೆಮಿಯಲ್ಲಿ, ಸಾಗಿಸುವ ಖರ್ಚೇ ದೊಡ್ಡದು. ಗುರುತು ಹಾಕಿದ ಇಳಿಜಾರಿನ ಹೊರಗೆ ಹೋದರೆ ಹೆಚ್ಚಿನ ಪಾಲಿಸಿಗಳು ಕೈಬಿಡುತ್ತವೆ. ವೀಸಾ ಅರ್ಜಿ ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದವರಿಗೆ 45. ನಿಮ್ಮ 12 ವರ್ಷದ ಮಗುವಿಗೆ ಪೂರ್ತಿ ಶುಲ್ಕ.

ಕಾರಿನ ವಿಷಯ. ಚಳಿಗಾಲದ ಟೈರು ಬಾಡಿಗೆ ಕಾರಿಗೆ ಇದ್ದೇ ಇರುತ್ತದೆ. ಉಕ್ಕಿನ ಮೊಳೆ ಇರುವುದನ್ನೇ ಕೇಳಿ. ಹೆಡ್‌ಲೈಟ್ ಹಗಲೂ ಉರಿಯುತ್ತಿರಬೇಕು. ಮುಂದಿನ ವಾಹನದಿಂದ ದೂರ ಬಹಳ ಬಿಡಿ: ಲಾರಿಯ ಹಿಂದೆ ಏಳುವ ಹಿಮದ ಪುಡಿಯಲ್ಲಿ ಏನೂ ಕಾಣುವುದಿಲ್ಲ. ಹಿಮಸಾರಂಗ ಒಂದು ಕಂಡರೆ ಹಿಂದೆ ಇನ್ನೂ ಇವೆ ಎಂದೇ ತಿಳಿದು ನಿಧಾನಿಸಿ. ಅವು ರಸ್ತೆಯಲ್ಲೇ ನಿಲ್ಲುತ್ತವೆ, ಹಾರ್ನ್‌ಗೆ ಜಗ್ಗುವುದಿಲ್ಲ. ಡಿಕ್ಕಿಯಾದರೆ ಗಾಯ ಸಣ್ಣದಾಗಿ ಕಂಡರೂ 112ಕ್ಕೆ ಹೇಳಲೇಬೇಕು. ಪ್ರತಿ ಹಿಮಸಾರಂಗಕ್ಕೂ ಒಡೆಯ ಇದ್ದಾನೆ.

ಕಾರನ್ನು ರಾತ್ರಿ ನಿಲ್ಲಿಸುವ ಜಾಗದಲ್ಲಿ ಗಡಿಯಾರವಿರುವ ಕಂಬ ಮತ್ತು ವಿದ್ಯುತ್ ಪ್ಲಗ್ ಇರುತ್ತದೆ. ಅದು ಎಂಜಿನ್ ಬೆಚ್ಚಗೆ ಮಾಡಲು. ಕಾರು ಪಡೆಯುವಾಗಲೇ ಕೇಬಲ್ ಎಲ್ಲಿದೆ, ಮುಂಭಾಗದಲ್ಲಿ ಸಿಕ್ಕಿಸುವ ಜಾಗ ಎಲ್ಲಿ ಎಂದು ತೋರಿಸಿಕೊಳ್ಳಿ. ಮೈನಸ್ 5ರಿಂದ 10ರವರೆಗೆ ಒಂದು ಗಂಟೆ, ಮೈನಸ್ 10ರಿಂದ 20ರವರೆಗೆ ಎರಡು ಗಂಟೆ, ಅದಕ್ಕಿಂತ ಕೆಳಗೆ ಮೂರು ಗಂಟೆ ಸಾಕು; ರಾತ್ರಿಯಿಡೀ ಹಾಕಿದರೆ ವಿದ್ಯುತ್ ಪೋಲು ಅಷ್ಟೇ. ಹೊರಡುವ ಮುನ್ನ ಕೇಬಲ್ ಕಾರಿನ ಕಡೆಯಿಂದಲೂ ಕಂಬದ ಕಡೆಯಿಂದಲೂ ತೆಗೆದಿರಾ ಎಂದು ನೋಡಿ, ಕಂಬದ ಮುಚ್ಚಳ ಮುಚ್ಚಿ. ಕಿಟಕಿ, ಛಾವಣಿ, ದೀಪಗಳ ಮೇಲಿನ ಹಿಮ ಪೂರ್ತಿ ಗುಡಿಸಿ. ಛಾವಣಿಯದನ್ನು ಬಿಟ್ಟರೆ ಮೊದಲ ಬ್ರೇಕಿಗೇ ಗಾಜಿನ ಮೇಲೆ ಕುಸಿಯುತ್ತದೆ. ಕಾರಿನಲ್ಲಿ ಎಲ್ಲರ ದಪ್ಪ ಕೋಟು, ಟೋಪಿ, ಬಿಸಿ ನೀರಿನ ಫ್ಲಾಸ್ಕ್ ಇರಲಿ. ಕಾರು ಕೆಟ್ಟರೆ ಇಳಿದು ನಡೆಯಬೇಡಿ, ತುರ್ತು ದೀಪ ಹಾಕಿ ಒಳಗೇ ಕೂತು ಫೋನ್ ಮಾಡಿ.